ಕಡತದ ಮೇಲೆ ಯಾರ ಸಹಿ?

ಕಿರಿಯಳು: ಚಿಕ್ಕಪ್ಪ, ಇನ್ನು ಹತ್ತು ವರ್ಷದಲ್ಲಿ ಬ್ಯಾಂಕಿನ ಶಾಖೆಗಳೇ ಇರುವುದಿಲ್ಲ ಅಂತ ನಮ್ಮ ಕಡೆ ಎಲ್ಲ ಸಭೆಗಳಲ್ಲೂ ಹೇಳುತ್ತಾರೆ. ಬ್ಲಾಕ್‌ಚೈನ್, ಕೃತಕ ಬುದ್ಧಿಮತ್ತೆ, ಡಿಜಿಟಲ್ ರೂಪಾಯಿ, ಕ್ವಾಂಟಮ್ ಕಂಪ್ಯೂಟರು, ಹೀಗೆ ದೊಡ್ಡ ಪಟ್ಟಿ. ನಾನು ಬ್ಯಾಂಕುಗಳಿಗೆ ತಂತ್ರಾಂಶ ಬರೆಯುವವಳು. ನನಗೇ ಇದರಲ್ಲಿ ಎಷ್ಟು ನಿಜ, ಎಷ್ಟು ಗದ್ದಲ ಅಂತ ತಿಳಿಯುವುದಿಲ್ಲ. ನೀವು ಮ್ಯಾನೇಜರಾಗಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಜೀವನ ಕಳೆದವರು. ಏನನ್ನಿಸುತ್ತದೆ?

ಹಿರಿಯರು: ಶಾಖೆ ಇರುತ್ತದೋ ಇಲ್ಲವೋ ಅನ್ನುವುದು ಕಟ್ಟಡದ ಪ್ರಶ್ನೆ. ಬ್ಯಾಂಕು ಮಾಡುವ ಕೆಲಸ ಮೂರು. ಜನರ ಹಣ ಇಟ್ಟುಕೊಳ್ಳುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತದೆ, ನಂಬಿಕೆ ಬಂದವರಿಗೆ ಸಾಲ ಕೊಡುತ್ತದೆ. ಹೊಸದಾಗಿ ಏನೇ ಬರಲಿ, ಈ ಮೂರರಲ್ಲಿ ಯಾವುದನ್ನು ಬದಲಿಸುತ್ತದೆ ಅಂತ ಮೊದಲು ಕೇಳು. ಆಮೇಲೆ, ಎಡವಟ್ಟಾದರೆ ನಷ್ಟ ಯಾರ ತಲೆಗೆ ಅಂತ ಕೇಳು. ಎರಡಕ್ಕೂ ಸರಿಯಾದ ಉತ್ತರ ಬಂದರೆ ಅದು ನಿಲ್ಲುತ್ತದೆ.

ಕಿರಿಯಳು: ದಾಟಿಸುವ ಕೆಲಸವಂತೂ ಪೂರಾ ಬದಲಾಗಿದೆ, ಒಪ್ಪುತ್ತೀರಲ್ಲ? 2016ರ ಏಪ್ರಿಲ್‌ನಲ್ಲಿ ಯುಪಿಐ ಪ್ರಾಯೋಗಿಕವಾಗಿ ಶುರುವಾಯಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು.

ಹಿರಿಯರು: ಒಪ್ಪದೆ ಏನು ಮಾಡಲಿ? ಡಿಮಾಂಡ್ ಡ್ರಾಫ್ಟ್ ಬರೆದು, ಅಂಚೆಗೆ ಹಾಕಿ, ಅದು ತಲುಪಿತೋ ಇಲ್ಲವೋ ಅಂತ ಕಾಯುತ್ತಿದ್ದವರನ್ನು ಕಂಡವ ನಾನು. ಮುಂಬೈ ಹೋಟೆಲಿನಲ್ಲಿ ದುಡಿಯುವ ಮಗ ಕುಂದಾಪುರದ ತಾಯಿಗೆ ಕಳಿಸಿದ ಹಣ ಕೈ ಸೇರಲು ವಾರ ಹಿಡಿಯುತ್ತಿತ್ತು. ಈಗ ಆಕೆ ಫೋನ್ ಇಡುವಷ್ಟರಲ್ಲಿ ಬಂದಿರುತ್ತದೆ. ಆದರೆ ಒಂದನ್ನು ಗಮನಿಸು. ಆ ಕ್ಯೂಆರ್ ಚೌಕ, ಆ ಆ್ಯಪ್, ಅದೆಲ್ಲ ಮೇಲಿನದ್ದು. ಅಡಿಯಲ್ಲಿರುವುದೇನು?

ಕಿರಿಯಳು: ತಕ್ಷಣ ಹಣ ದಾಟಿಸುವ ಐಎಂಪಿಎಸ್. 2010ರಿಂದ ಇತ್ತು. ಅದಕ್ಕೂ ಮೊದಲು 2008ರಲ್ಲಿ ಬ್ಯಾಂಕುಗಳು ಸೇರಿ ಕಟ್ಟಿದ ಪಾವತಿ ಸಂಸ್ಥೆ ಎನ್‌ಪಿಸಿಐ. ಅದಕ್ಕೂ ಮೊದಲು ಎಲ್ಲ ಶಾಖೆಗಳನ್ನೂ ಒಂದೇ ಲೆಕ್ಕಕ್ಕೆ ತಂದ ಕೋರ್ ಬ್ಯಾಂಕಿಂಗ್.

ಹಿರಿಯರು: ಅದಕ್ಕೂ ಹಿಂದೆ ಹೋಗು. 1983ರಲ್ಲಿ ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಯಂತ್ರಗಳ ಬಗ್ಗೆ ಒಪ್ಪಂದವಾಯಿತು. ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು. ಕಂಪ್ಯೂಟರು ಬಂದರೆ ಕೆಲಸ ಹೋಗುತ್ತದೆ ಅಂತ ಧರಣಿ ಕೂತವರು ಇದ್ದರು, ಅವರ ಭಯ ಸುಳ್ಳೂ ಅಲ್ಲ. ಒಂದೊಂದೇ ಲೆಡ್ಜರನ್ನು ಯಂತ್ರಕ್ಕೆ ಏರಿಸಿ, ರಾತ್ರಿ ಹನ್ನೊಂದಾದರೂ ಟ್ಯಾಲಿ ಆಗದೆ ಪೇಚಾಡಿ, ಒಂದು ಪೀಳಿಗೆ ಅದರಲ್ಲೇ ಸವೆಯಿತು. ಯುಪಿಐ ಒಂದೇ ರಾತ್ರಿಯಲ್ಲಿ ಬಂದ ಹಾಗೆ ಕಾಣುವುದು ಅದಕ್ಕೆ ಮೊದಲಿನ ಈ ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದ ಕಾರಣ. ಹೊಸ ತಂತ್ರಜ್ಞಾನ ಮೂರು ವರ್ಷದಲ್ಲಿ ಬ್ಯಾಂಕನ್ನೇ ಬದಲಿಸುತ್ತದೆ ಅಂತ ಯಾರಾದರೂ ಹೇಳಿದರೆ, ಅದರ ಅಡಿಪಾಯ ಎಷ್ಟು ವರ್ಷದಿಂದ ಬಿದ್ದಿದೆ ಅಂತ ನಾನು ಮೊದಲು ನೋಡುತ್ತೇನೆ.

ಕಿರಿಯಳು: ಆದರೆ ನಗದು ಮಾಯವಾಗುತ್ತದೆ ಅಂದಿದ್ದರಲ್ಲ, ಅದು ಆಗಲಿಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾಗುವ ಮೊದಲು ಚಲಾವಣೆಯಲ್ಲಿದ್ದ ಹಣ 18 ಲಕ್ಷ ಕೋಟಿಯ ಹತ್ತಿರ ಇತ್ತು. ಈಗ ಅದು 35 ಲಕ್ಷ ಕೋಟಿ ದಾಟಿದೆ. ಯುಪಿಐ ಇಷ್ಟು ಬೆಳೆದರೂ ನೋಟು ದುಪ್ಪಟ್ಟಾಗಿದೆ.

ಹಿರಿಯರು: ಯಾಕೆ ಅಂತ ಬೆಂಗಳೂರಿನಲ್ಲಿ ನೀನೇ ಕಂಡೆಯಲ್ಲ.

ಕಿರಿಯಳು: 2025ರ ಜುಲೈ ಹೇಳುತ್ತಿದ್ದೀರಿ. ಯುಪಿಐ ಜಮೆಯ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ಬೋರ್ಡು ಬಿತ್ತು. ಕ್ಯೂಆರ್ ಸ್ಟಿಕ್ಕರು ಕಿತ್ತರು. ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತಾಡಬೇಕಾಯಿತು.

ಹಿರಿಯರು: ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ಎರಡು ಮಾತಿಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ಮಿತಿ ಇದೆ. ಆದರೆ ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಅಂಗಡಿಯವನ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡೂ ಅಲ್ಲ. ಭಾವಮೈದುನ ತೀರಿಸಿದ ಕೈಸಾಲ, ಚೀಟಿ ಹಣ, ಎಲ್ಲ ಅದೇ ಕ್ಯೂಆರ್‌ಗೆ ಬಂದಿರುತ್ತದೆ. ಯಂತ್ರಕ್ಕೆ ಮೊತ್ತ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಆ ಸ್ಟಿಕ್ಕರು ಕಿತ್ತವನಿಗೆ ತಂತ್ರಜ್ಞಾನ ಗೊತ್ತಿಲ್ಲದೆ ಅಲ್ಲ. ವರ್ಷಗಟ್ಟಲೆ ಬಳಸಿದವನೇ ಕಿತ್ತದ್ದು. ತನ್ನ ಮಾತು ಕೇಳುವವರು ಆ ಕಡೆ ಯಾರೂ ಇಲ್ಲ ಅಂತ ಅವನಿಗೆ ಅನ್ನಿಸಿತು.

ಕಿರಿಯಳು: ಸರಿ, ಬ್ಲಾಕ್‌ಚೈನ್‌ಗೆ ಬರೋಣ. 2017-18ರಲ್ಲಿ ನಾನು ಕೆಲಸಕ್ಕೆ ಸೇರುವಾಗ ಪ್ರತಿ ಬ್ಯಾಂಕಿನಲ್ಲೂ ಅದರದ್ದೇ ಮಾತು. ಎಲ್ಲರ ಬಳಿಯೂ ಒಂದೇ ಲೆಡ್ಜರಿನ ಪ್ರತಿ, ಯಾರೂ ತಿದ್ದುವ ಹಾಗಿಲ್ಲ, ಮಧ್ಯವರ್ತಿ ಬೇಡ.

ಹಿರಿಯರು: ಏನಾಯಿತು?

ಕಿರಿಯಳು: ದೊಡ್ಡ ದೊಡ್ಡವು ಬಿದ್ದವು. ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರ ಎಎಸ್‌ಎಕ್ಸ್ ತನ್ನ ಹಳೆಯ ತೀರುವಳಿ ವ್ಯವಸ್ಥೆ ತೆಗೆದು ಬ್ಲಾಕ್‌ಚೈನ್ ಹಾಕುತ್ತೇವೆ ಅಂತ 2017ರಲ್ಲಿ ಸಾರಿತು. 2022ರ ನವೆಂಬರಿನಲ್ಲಿ ಕೈಬಿಟ್ಟು, ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರನ್ನು ನಷ್ಟಕ್ಕೆ ಬರೆಯಿತು. ಮೇರ್ಸ್ಕ್ ಮತ್ತು ಐಬಿಎಂ ಸೇರಿ ಹಡಗು ಸರಕಿನ ಕಾಗದಪತ್ರಕ್ಕೆ ಟ್ರೇಡ್‌ಲೆನ್ಸ್ ಕಟ್ಟಿದ್ದವು. ಅದನ್ನು ಮುಚ್ಚುವ ಘೋಷಣೆಯೂ ಅದೇ ತಿಂಗಳು ಬಂತು. ಬ್ಯಾಂಕಿನವರಿಗೆ ಅದರ ಅಗತ್ಯ ಯಾಕಿರಲಿಲ್ಲ ಅಂತ ನನಗೆ ಈಗ ಕಾಣುತ್ತದೆ. ಒಬ್ಬರನ್ನೊಬ್ಬರು ನಂಬದವರು, ನಡುವೆ ಯಾರನ್ನೂ ನಂಬದವರು ಇದ್ದರೆ ಆ ಲೆಡ್ಜರು ಬೇಕು. ನಮ್ಮ ಬ್ಯಾಂಕುಗಳ ನಡುವೆ ರಿಸರ್ವ್ ಬ್ಯಾಂಕು ಕೂತಿದೆ. ಕೊನೆಯ ತೀರುವಳಿ ಹೇಗೂ ಅದರ ಪುಸ್ತಕದಲ್ಲೇ.

ಹಿರಿಯರು: ಡಿಜಿಟಲ್ ರೂಪಾಯಿ?

ಕಿರಿಯಳು: ಜನಸಾಮಾನ್ಯರ ಇ-ರೂಪಾಯಿ 2022ರ ಡಿಸೆಂಬರ್ 1ರಂದು ನಾಲ್ಕು ಊರುಗಳಲ್ಲಿ ಶುರುವಾಯಿತು, ಬೆಂಗಳೂರೂ ಅದರಲ್ಲಿ ಒಂದು. 2025ರ ಮಾರ್ಚಿಗೆ ಚಲಾವಣೆಯಲ್ಲಿದ್ದದ್ದು ಸಾವಿರ ಕೋಟಿಯ ಆಸುಪಾಸು. ನಗದಿನ 35 ಲಕ್ಷ ಕೋಟಿಯ ಮುಂದೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಯುಪಿಐ ಕೈಯಲ್ಲಿರುವಾಗ ಜನ ಇದನ್ನು ಯಾಕೆ ಬಳಸಬೇಕು ಅನ್ನುವುದಕ್ಕೆ ಯಾರ ಹತ್ತಿರವೂ ಗಟ್ಟಿ ಉತ್ತರವಿಲ್ಲ. ಒಂದು ಕಡೆ ಮಾತ್ರ ನನಗೆ ಆಸೆ ಹುಟ್ಟಿತು. ಒಡಿಶಾ, ಆಂಧ್ರದ ಕೆಲವೆಡೆ ಗೇಣಿ ರೈತರಿಗೆ ಇದೇ ರೂಪಾಯಿಯಲ್ಲಿ ಸಾಲ ಕೊಟ್ಟು ನೋಡುತ್ತಿದ್ದಾರೆ. ಬೀಜ, ಗೊಬ್ಬರಕ್ಕೆ ಮಾತ್ರ ಖರ್ಚಾಗುವ ಹಾಗೆ ಆ ಹಣಕ್ಕೇ ಕಟ್ಟು ಹಾಕಿರುತ್ತಾರೆ. ಜಮೀನಿನ ದಾಖಲೆ ಇಲ್ಲದವರಿಗೂ ಬ್ಯಾಂಕು ಧೈರ್ಯವಾಗಿ ಕೊಡಬಹುದು ಅನ್ನುವುದು ಅದರ ಹಿಂದಿನ ಯೋಚನೆ.

ಹಿರಿಯರು: ಅದು ಕೇಳಬೇಕಾದ ಮಾತು. ಆದರೂ ನನಗೊಂದು ಚಿಂತೆ. ಗೇಣಿ ಮಾಡುವವನ ಮನೆಯಲ್ಲಿ ಬಿತ್ತನೆಯ ಹೊತ್ತಿಗೇ ಮಗುವಿಗೆ ಜ್ವರ ಬಂದರೆ? ನಾವು ಬೆಳೆಸಾಲ ಕೊಟ್ಟಾಗ ಅದರಲ್ಲಿ ಸ್ವಲ್ಪ ಮನೆಗೂ ಹೋಗುತ್ತದೆ ಅಂತ ನಮಗೆ ಗೊತ್ತಿರುತ್ತಿತ್ತು. ಕಿಸಾನ್ ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲೇ ಮನೆಖರ್ಚಿಗೆ ಅಂತ ಒಂದು ಪಾಲು ಸೇರಿಸುತ್ತಾರೆ. ಆ ಪಾಲನ್ನು ಹಾಕಿದವರು ಹಳ್ಳಿ ಕಂಡವರು. ಹಣಕ್ಕೆ ಕಟ್ಟು ಹಾಕುವಾಗ ಆ ಜಾಗವನ್ನು ಬಿಟ್ಟಿದ್ದಾರಾ, ಅದನ್ನು ನೋಡಬೇಕು.

ಕಿರಿಯಳು: ಸಾಲದ ಮಾತು ಬಂತು. ಇನ್ನು ಕೃತಕ ಬುದ್ಧಿಮತ್ತೆ. ಇದು ಗದ್ದಲ ಮಾತ್ರ ಅಂತ ನಾನು ಒಪ್ಪುವುದಿಲ್ಲ, ಚಿಕ್ಕಪ್ಪ. ನಾನು ಕಣ್ಣಾರೆ ನೋಡುತ್ತಿದ್ದೇನೆ.

ಹಿರಿಯರು: ಏನು ನೋಡಿದೆ, ಹೇಳು.

ಕಿರಿಯಳು: ಮೋಸದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಹತ್ತಾರು ಖಾತೆಗಳಲ್ಲಿ ನಿಮಿಷಗಳಲ್ಲಿ ಹಾಯ್ದು ಹೋಗುತ್ತದೆ. ಅವಕ್ಕೆ ಮ್ಯೂಲ್ ಖಾತೆ ಅನ್ನುತ್ತಾರೆ. ಯಾರೋ ವಿದ್ಯಾರ್ಥಿ, ಯಾರೋ ಕೂಲಿಯವರು ನಾಲ್ಕು ಕಾಸಿನ ಆಸೆಗೆ ತಮ್ಮ ಖಾತೆ ಕೊಟ್ಟಿರುತ್ತಾರೆ. ಮನುಷ್ಯರು ಕೂತು ಹುಡುಕಿದರೆ ಸಿಗುವಷ್ಟರಲ್ಲಿ ಹಣ ದೇಶ ಬಿಟ್ಟಿರುತ್ತದೆ. ಇದಕ್ಕಾಗಿ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ಮ್ಯೂಲ್‌ಹಂಟರ್ ಅನ್ನುವ ವ್ಯವಸ್ಥೆ ಮಾಡಿದೆ. 2024ರ ಡಿಸೆಂಬರಿನಲ್ಲಿ ಹೊರಗೆ ಹೇಳಿದರು. ಸಾವಿರಾರು ಖಾತೆಗಳ ನಡಿಗೆ ನೋಡಿ ‘ಇದು ಅನುಮಾನ’ ಅಂತ ಗುರುತಿಸುವುದು ಯಂತ್ರಕ್ಕೇ ಆಗುವ ಕೆಲಸ.

ಹಿರಿಯರು: ಅದನ್ನು ನಾನು ಕೈಮುಗಿದು ಒಪ್ಪುತ್ತೇನೆ. ಅನುಮಾನ ಪಡಲು ಯಂತ್ರ ಬೇಕು. ತೀರ್ಪು ಕೊಡಲು ಹೊರಟಾಗ ನನಗೆ ಹೆದರಿಕೆ.

ಕಿರಿಯಳು: ಸಾಲದ ತೀರ್ಪಾ? ಅಲ್ಲೂ ಪ್ರಯೋಜನ ಇದೆ. ಸಿಬಿಲ್ ಸ್ಕೋರು ಇಲ್ಲದವರಿಗೆ ಬ್ಯಾಂಕು ಬಾಗಿಲು ಹಾಕುತ್ತಿತ್ತು. ಈಗ ಅಕೌಂಟ್ ಅಗ್ರಿಗೇಟರ್ ಇದೆ, 2021ರಿಂದ. ಅಂಗಡಿಯವಳು ಒಪ್ಪಿಗೆ ಕೊಟ್ಟರೆ ಅವಳ ಬ್ಯಾಂಕ್ ವಹಿವಾಟು ಸಾಲ ಕೊಡುವವರ ಮುಂದೆ ತೆರೆಯುತ್ತದೆ. ದಿನಾ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಎಲ್ಲ ಕಾಣುತ್ತದೆ. ಅಡಮಾನ ಇಲ್ಲದೆಯೂ ಸಾಲ ಸಿಗುತ್ತದೆ. ಇದಕ್ಕೆ ‘ಪರ್ಯಾಯ ದತ್ತಾಂಶ’ ಅಂತ ಹೆಸರಿಟ್ಟು ದೊಡ್ಡ ಕ್ರಾಂತಿ ಅನ್ನುತ್ತಾರೆ.

ಹಿರಿಯರು: ಮಾರಾಯ್ತಿ, ಆ ಕ್ರಾಂತಿ ನಮ್ಮ ಉಡುಪಿಯಲ್ಲಿ 1928ರಲ್ಲೇ ಆಗಿದೆ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ! ದಿನಕ್ಕೆ ಎರಡಾಣೆ. ಆಗ ಅದರ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಹುಟ್ಟಿ ಮೂರು ವರ್ಷ ಆಗಿತ್ತು ಅಷ್ಟೆ. ಏಜೆಂಟು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಹಣ ಸಂಗ್ರಹಿಸಿ ಪುಸ್ತಕದಲ್ಲಿ ಬರೆದು ಬರುತ್ತಿದ್ದ. ಮೀನು ಮಾರುವವಳು, ಬೀಡಿ ಕಟ್ಟುವವಳು, ನೇಕಾರ, ಎಲ್ಲರೂ ಕಟ್ಟುತ್ತಿದ್ದರು. ಅದನ್ನು ಉಳಿತಾಯದ ಯೋಜನೆ ಅಂತ ಎಲ್ಲರೂ ಹೊಗಳುತ್ತಾರೆ. ಮ್ಯಾನೇಜರನಾಗಿ ನನಗೆ ಅದು ಇನ್ನೂ ಹೆಚ್ಚಿನದ್ದಾಗಿತ್ತು. ಒಬ್ಬಾಕೆ ಸಾಲ ಕೇಳಿ ಬಂದರೆ ಅವಳ ಪಿಗ್ಮಿ ಪುಸ್ತಕ ತೆರೆದು ನೋಡುತ್ತಿದ್ದೆ. ಮಳೆಗಾಲದಲ್ಲೂ ಬಿಡದೆ ಕಟ್ಟಿದ್ದಾಳಾ? ಎಲ್ಲಿ ನಿಂತಿದೆ, ಮತ್ತೆ ಎಲ್ಲಿ ಶುರುವಾಗಿದೆ? ಅದೇ ಅವಳ ಜಾಮೀನು.

ಕಿರಿಯಳು: ಹಾಗಾದರೆ ನಾವು ಮಾಡುತ್ತಿರುವುದೂ ಅದೇ ಅಲ್ಲವಾ? ನಿಮ್ಮ ಪುಸ್ತಕವನ್ನೇ ಕೋಟಿ ಜನರಿಗೆ ಹಿಗ್ಗಿಸಿದ್ದೇವೆ.

ಹಿರಿಯರು: ಅರ್ಧ ಅದೇ. ಇನ್ನರ್ಧ ಬಿಟ್ಟುಹೋಗಿದೆ. ಎರಡು ತಿಂಗಳು ಪಿಗ್ಮಿ ನಿಂತಿದ್ದರೆ ನಾನು ಏಜೆಂಟನನ್ನು ಕರೆದು ಕೇಳುತ್ತಿದ್ದೆ. ‘ಅವಳಿಗೆ ಬಾಣಂತನ ಆಗಿತ್ತು ಸಾರ್’ ಅನ್ನುತ್ತಿದ್ದ. ನಿನ್ನ ಯಂತ್ರಕ್ಕೆ ಆ ಎರಡು ತಿಂಗಳು ಕೇವಲ ಸುಸ್ತಿ. ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಏಜೆಂಟನಿಗೆ ಯಾರ ಜಾತಿ ಯಾವುದು ಅಂತಲೂ ಗೊತ್ತಿರುತ್ತಿತ್ತು. ಕೆಲವು ಕೇರಿಗಳ ಕಡೆ ಅವನ ಸೈಕಲ್ಲು ತಿರುಗುತ್ತಲೇ ಇರಲಿಲ್ಲ. ಕೆಲವು ಮ್ಯಾನೇಜರರು ಕೆಲವರನ್ನು ಕುರ್ಚಿಯಲ್ಲಿ ಕೂರಿಸುತ್ತಲೂ ಇರಲಿಲ್ಲ. ಅಲ್ಲೆಲ್ಲ ಯಂತ್ರ ನಮಗಿಂತ ನ್ಯಾಯವಾಗಿ ನಡೆಯಬಹುದು. ಆದರೆ ನಾನು ತಪ್ಪು ಮಾಡಿದರೆ ಆಕೆ ಪ್ರಾದೇಶಿಕ ಕಚೇರಿಗೆ ದೂರು ಕೊಡಬಹುದಿತ್ತು, ಯಾಕೆಂದರೆ ಕಡತದ ಮೇಲೆ ನನ್ನ ಸಹಿ ಇತ್ತು. ಯಂತ್ರದ ತೀರ್ಪಿನ ಮೇಲೆ ಯಾರ ಸಹಿ?

ಕಿರಿಯಳು: ಸಾಲದ ಆ್ಯಪ್‌ಗಳ ಕಾಲದಲ್ಲಿ ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಐದು ನಿಮಿಷದಲ್ಲಿ ಸಾಲ ಅಂತ ಕೊಟ್ಟು, ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಕದ್ದು, ವಸೂಲಿಗೆ ನೆಂಟರಿಷ್ಟರಿಗೆ ಕೆಟ್ಟ ಚಿತ್ರ ಕಳಿಸಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ರಿಸರ್ವ್ ಬ್ಯಾಂಕಿನ ತಂಡ 2021ರಲ್ಲಿ ನೋಡಿದಾಗ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮ. ಮರುವರ್ಷ ನಿಯಮ ಬಂತು: ಸಾಲದ ಹಣ ಸಾಲಗಾರರ ಖಾತೆಗೇ ನೇರವಾಗಿ ಹೋಗಬೇಕು, ಫೋನಿನ ಹೆಸರುಪಟ್ಟಿಗೆ ಕೈಹಾಕುವಂತಿಲ್ಲ, ದೂರು ಕೇಳುವ ಅಧಿಕಾರಿ ಇರಲೇಬೇಕು.

ಹಿರಿಯರು: ಬ್ರಿಟನ್ನಿನ ಅಂಚೆ ಕಚೇರಿಯ ಕಥೆ ಓದಿದ್ದೀಯಾ? ಹೊರೈಜನ್ ಅಂತ ಲೆಕ್ಕದ ತಂತ್ರಾಂಶ. ಅದು ಹಣ ಕಡಿಮೆ ಇದೆ ಅಂದಿತು. ಹಳ್ಳಿ ಅಂಚೆ ನಡೆಸುತ್ತಿದ್ದ ಜನ ತಾವು ಕದ್ದಿಲ್ಲ ಅಂದರು. ನ್ಯಾಯಾಲಯ ಕಂಪ್ಯೂಟರನ್ನು ನಂಬಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದವರಿದ್ದಾರೆ, ಮನೆ ಮಾರಿದವರಿದ್ದಾರೆ. ಕೊನೆಗೆ 2024ರಲ್ಲಿ ಸಂಸತ್ತೇ ಕಾನೂನು ಮಾಡಿ ಆ ತೀರ್ಪುಗಳನ್ನು ಅಳಿಸಬೇಕಾಯಿತು. ಅದರಲ್ಲಿ ಕೃತಕ ಬುದ್ಧಿಮತ್ತೆಯೂ ಇರಲಿಲ್ಲ, ಬರೀ ಕೂಡಿ ಕಳೆಯುವ ತಂತ್ರಾಂಶ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕ್ಯಾಶ್ ಕಡಿಮೆ ಬಿದ್ದ ರಾತ್ರಿಯಲ್ಲಿ ಕ್ಯಾಶಿಯರನ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು.

ಕಿರಿಯಳು: ನಮ್ಮಲ್ಲೂ ಅಂಥ ಒಂದು ಬಿರುಕು ಕಂಡಿದೆ. ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಹಳ್ಳಿಯ ಬ್ಯಾಂಕ್ ಮಿತ್ರರ ಬಳಿ ಹಣ ತೆಗೆಯಬಹುದು, ಓಟಿಪಿಯೂ ಬೇಡ. ಪಿಂಚಣಿ ತೆಗೆಯುವ ಅಜ್ಜಿಯರಿಗೆ ಅದು ದೊಡ್ಡ ಉಪಕಾರ. ಆದರೆ 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಜನರ ಖಾತೆಯಿಂದ ಹತ್ತು ಹತ್ತು ಸಾವಿರ ಮಾಯವಾಗತೊಡಗಿತು. ತನಿಖೆ ಹೋಗಿ ನಿಂತದ್ದು ಆಸ್ತಿ ನೋಂದಣಿಯ ಕಾವೇರಿ ಜಾಲತಾಣದಲ್ಲಿ. ಕ್ರಯಪತ್ರದ ಪ್ರತಿಗಳಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿದ್ದರು. ಆಮೇಲೆ ಅದನ್ನು ಮರೆಮಾಡುವ ಏರ್ಪಾಡಾಯಿತು.

ಹಿರಿಯರು: ಪಾಸ್‌ವರ್ಡ್ ಹೋದರೆ ಬದಲಿಸಬಹುದು. ಬೆರಳು ಬದಲಿಸಲು ಎಲ್ಲಿ ಹೋಗುವುದು? ಹೊಣೆಯ ವಿಷಯಕ್ಕೆ ಬಾ. ನಷ್ಟ ಯಾರದ್ದು ಅಂತ ನಿಯಮ ಏನು ಹೇಳುತ್ತದೆ?

ಕಿರಿಯಳು: 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ನಮಗೆ ತಿಳಿಯದೆ ಮೂರನೆಯವರು ಹಣ ತೆಗೆದರೆ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಹೇಳಿದರೆ ನಷ್ಟ ನಮ್ಮದಲ್ಲ. ಗ್ರಾಹಕನದೇ ತಪ್ಪು ಅಂತ ತೋರಿಸುವ ಭಾರವೂ ಬ್ಯಾಂಕಿನ ಮೇಲೆ. ಆದರೆ ಈಗಿನ ಮೋಸ ಹಾಗಲ್ಲ. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ, ಅವರ ಕೈಯಿಂದಲೇ ಹಣ ಕಳಿಸಿಕೊಳ್ಳುತ್ತಾರೆ. ಒತ್ತಿದ್ದು ನೀವೇ ತಾನೆ ಅಂತ ಬ್ಯಾಂಕು ಕೈತೊಳೆದುಕೊಳ್ಳುತ್ತದೆ.

ಹಿರಿಯರು: ಹೆದರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರವನ್ನು ಯಾವ ಕೋರ್ಟೂ ಒಪ್ಪಿಗೆ ಅನ್ನುವುದಿಲ್ಲ.

ಕಿರಿಯಳು: ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ನಿಯಮ ಬದಲಾಗಿದೆ. ಹೀಗೆ ಮೋಸಹೋಗಿ ತಾವೇ ಕಳಿಸಿದವರಿಗೂ 85,000 ಪೌಂಡಿನ ತನಕ ಹಣ ಮರಳಿಸಬೇಕು. ಅದರಲ್ಲಿ ಅರ್ಧ ಕಳಿಸಿದ ಬ್ಯಾಂಕಿನದ್ದು, ಅರ್ಧ ಮೋಸಗಾರನ ಖಾತೆ ಇಟ್ಟುಕೊಂಡ ಬ್ಯಾಂಕಿನದ್ದು.

ಹಿರಿಯರು: ನೋಡು, ನೀನು ಇಷ್ಟು ಹೊತ್ತು ಹೇಳಿದ್ದರಲ್ಲಿ ನನಗೆ ಅತಿ ದೊಡ್ಡದಾಗಿ ಕಂಡದ್ದು ಇದೇ. ಖಾತೆ ಇಟ್ಟುಕೊಂಡ ಬ್ಯಾಂಕೂ ಅರ್ಧ ಕಟ್ಟಬೇಕು ಅಂದಾಕ್ಷಣ ಮ್ಯೂಲ್ ಖಾತೆ ಹಿಡಿಯುವ ನಿನ್ನ ಯಂತ್ರಕ್ಕೆ ಎಲ್ಲ ಬ್ಯಾಂಕುಗಳೂ ಕ್ಯೂ ನಿಲ್ಲುತ್ತವೆ. ಈಗ ಅದು ಒಳ್ಳೆಯದನ್ನು ಮಾಡುವ ಮನಸ್ಸಿದ್ದವರ ಕೆಲಸ. ಆಗ ಅದು ತಪ್ಪಿಸಿಕೊಳ್ಳಲಾಗದ ಕೆಲಸ. ನಮ್ಮಲ್ಲೂ ಅಂಥ ನಿಯಮ ಬರಲೇಬೇಕು.

ಕಿರಿಯಳು: ಕ್ವಾಂಟಮ್ ಬಗ್ಗೆ ಕೇಳುವುದಿಲ್ಲವಾ?

ಹಿರಿಯರು: ಅದನ್ನು ನೀನೇ ಎರಡು ಮಾತಿನಲ್ಲಿ ಹೇಳು.

ಕಿರಿಯಳು: ಇವತ್ತಿನ ಬ್ಯಾಂಕಿನ ಬೀಗಗಳನ್ನು, ಅಂದರೆ ಗೂಢಲಿಪಿಯನ್ನು, ಒಡೆಯುವಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರು ಇನ್ನೂ ಇಲ್ಲ. ಒಡೆಯುವ ವಿಧಾನ ಮಾತ್ರ 1994ರಿಂದ ಗೊತ್ತಿದೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಹೊಸ ಬೀಗಗಳ ಮಾನದಂಡ ಹೊರಡಿಸಿತು. ಬ್ಯಾಂಕಿನವರು ಯಾವ ಬೀಗ ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಿ ಬದಲಿಸುತ್ತಾ ಹೋಗಬೇಕು. ಬೇಸರದ ಕೆಲಸ, ಆದರೆ ಬೇಕು.

ಹಿರಿಯರು: ಬೇಸರದ ಕೆಲಸವನ್ನೇ ಯಾರೂ ಮಾಡುವುದಿಲ್ಲ. ನೀರವ್ ಮೋದಿ ಹಗರಣ ನೆನಪಿದೆಯಲ್ಲ, 2018. ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ 13,000 ಕೋಟಿಗೂ ಮೀರಿದ ಪೆಟ್ಟು. ಅಲ್ಲಿ ಸ್ವಿಫ್ಟ್ ಸಂದೇಶದ ವ್ಯವಸ್ಥೆಗೂ ಕೋರ್ ಬ್ಯಾಂಕಿಂಗಿಗೂ ಕೊಂಡಿಯೇ ಇರಲಿಲ್ಲ. ಮುಂಬೈಯ ಒಂದು ಶಾಖೆಯಿಂದ ವರ್ಷಗಟ್ಟಲೆ ಖಾತರಿ ಪತ್ರಗಳು ಹೊರಟವು, ಬ್ಯಾಂಕಿನ ಪುಸ್ತಕದಲ್ಲಿ ಒಂದು ಗೆರೆಯೂ ಇಲ್ಲ. ಎರಡು ಹಳೆಯ ಯಂತ್ರಗಳನ್ನು ಜೋಡಿಸಿದ್ದರೆ ಆಗುತ್ತಿತ್ತು. ಅದನ್ನು ಯಾವ ಸಮ್ಮೇಳನದಲ್ಲೂ ಹೊಸ ತಂತ್ರಜ್ಞಾನ ಅಂತ ಕರೆಯುತ್ತಿರಲಿಲ್ಲ.

ಕಿರಿಯಳು: ನಾನು ಈಗ ಕೆಲಸ ಮಾಡುತ್ತಿರುವುದೂ ಒಂದು ರೀತಿ ಜೋಡಿಸುವುದೇ. ಯುಎಲ್‌ಐ, ಏಕೀಕೃತ ಸಾಲದ ಸಂಪರ್ಕ. 2023ರ ಆಗಸ್ಟ್‌ನಲ್ಲಿ ಪ್ರಯೋಗ ಶುರುವಾಯಿತು. ಕರ್ನಾಟಕದ ರೈತರ ಕಿಸಾನ್ ಕ್ರೆಡಿಟ್ ಕಾರ್ಡೂ ಅದರಲ್ಲಿತ್ತು. ರೈತ ಬ್ಯಾಂಕಿಗೆ ಹೋದರೆ ಪಹಣಿ ‘ಭೂಮಿ’ ತಂತ್ರಾಂಶದಿಂದ ನೇರವಾಗಿ ಪರದೆಗೆ ಬರುತ್ತದೆ, ರೈತ ನೋಂದಣಿಯ ಫ್ರೂಟ್ಸ್ ಐಡಿಯಿಂದ ಅವರ ಬೇರೆ ವಿವರ. ನಾಡಕಚೇರಿ, ಬ್ಯಾಂಕು, ವಕೀಲರು ಅಂತ ಅಲೆಯುವುದು ತಪ್ಪುತ್ತದೆ. ವಾರಗಳ ಕೆಲಸ ನಿಮಿಷಗಳಲ್ಲಿ.

ಹಿರಿಯರು: ಪಹಣಿಯಲ್ಲಿ ತಾತನ ಹೆಸರಿದ್ದರೆ?

ಕಿರಿಯಳು: ಹಾಗಂದರೆ?

ಹಿರಿಯರು: ತಾತ ತೀರಿ ಎಷ್ಟೋ ವರ್ಷ ಆಗಿರುತ್ತದೆ. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರುವುದಿಲ್ಲ. ಐವರು ಮಕ್ಕಳು, ಒಬ್ಬ ಮುಂಬೈಯಲ್ಲಿ, ಒಬ್ಬಳು ಮದುವೆಯಾಗಿ ಶಿವಮೊಗ್ಗದಲ್ಲಿ. ಊರಲ್ಲಿ ಉಳಿದು ಉಳುತ್ತಿರುವವನ ಹೆಸರು ಎಲ್ಲೂ ಇಲ್ಲ. ಇನ್ನು ಗೇಣಿ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಲ್ಲಿ ನಮ್ಮಲ್ಲಿ ಗೇಣಿಯನ್ನು ತೆಗೆದೇ ಹಾಕಿದರು, ಉಳುವವನಿಗೆ ಭೂಮಿ ಬಂತು, ದೊಡ್ಡ ಕೆಲಸ. ಆದರೆ ಅದರಿಂದಾಗಿ ಇವತ್ತು ಬೇರೆಯವರ ಗದ್ದೆ ಬಾಯಿಮಾತಿನಲ್ಲಿ ಮಾಡುವವರು ಯಾವ ದಾಖಲೆಯಲ್ಲೂ ಬರುವ ಹಾಗಿಲ್ಲ. ನಿನ್ನ ಪರದೆ ನಿಮಿಷದಲ್ಲಿ ಏನು ಹೇಳುತ್ತದೆ ಇವರಿಗೆ?

ಕಿರಿಯಳು: ‘ಅರ್ಹರಲ್ಲ.’

ಹಿರಿಯರು: ಮೊದಲು ಆ ಮಾತನ್ನು ಹೇಳಲು ವಾರ ಹಿಡಿಯುತ್ತಿತ್ತು. ಆ ವಾರದಲ್ಲಿ ಅವನು ನಾಲ್ಕು ಸಲ ಬರುತ್ತಿದ್ದ. ನಾನು ಕೃಷಿ ಅಧಿಕಾರಿಯನ್ನು ಗದ್ದೆಗೆ ಕಳಿಸುತ್ತಿದ್ದೆ, ಗ್ರಾಮ ಲೆಕ್ಕಿಗರ ಜೊತೆ ಮಾತಾಡುತ್ತಿದ್ದೆ. ಕೆಲವೊಮ್ಮೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ತರಿಸಿ ದಾರಿ ಮಾಡುತ್ತಿದ್ದೆ. ದಾಖಲೆ ಸರಿಯಿದ್ದವನಿಗೆ ನಿನ್ನ ವ್ಯವಸ್ಥೆ ವರ, ಅದನ್ನು ಯಾರೂ ಕಡಿಮೆ ಮಾಡಿ ಮಾತಾಡಬಾರದು. ಅಂಥವರೇ ಸಾವಿರಾರು ಜನ ಇದ್ದಾರೆ. ಉಳಿದವನಿಗೆ ಆ ನಾಲ್ಕು ಭೇಟಿಯೂ ಹೋಯಿತು.

ಕಿರಿಯಳು: ಹಾಗಾದರೆ ಏನು ಮಾಡಲಿ? ಮುಂದಿನ ವಾರ ವಿನ್ಯಾಸದ ಸಭೆ ಇದೆ. ನಿಮಗೆ ಏನು ಬೇಕು ಅಂತ ಹೇಳಿ, ಬರೆದುಕೊಳ್ಳುತ್ತೇನೆ.

ಹಿರಿಯರು: ‘ಅರ್ಹರಲ್ಲ’ ಅಂತ ಬಂದಲ್ಲೇ ಯಾಕೆ ಅಂತ ಕನ್ನಡದಲ್ಲಿ ಬರಲಿ. ‘ಪಹಣಿ ನಿಮ್ಮ ತಾತನ ಹೆಸರಿನಲ್ಲಿದೆ, ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ’ ಅಂತ. ಆ ಅರ್ಜಿಯೂ ಅಲ್ಲಿಂದಲೇ ಹೋಗುವ ಹಾಗಿದ್ದರೆ ಇನ್ನೂ ಒಳ್ಳೆಯದು. ಮರುಪರಿಶೀಲನೆಗೆ ಒಂದು ಗುಂಡಿ ಇರಲಿ, ಅದನ್ನು ಒತ್ತಿದರೆ ಶಾಖೆಯ ಅಧಿಕಾರಿಯ ಮುಂದೆ ಕಡತ ತೆರೆಯಲಿ, ಯಂತ್ರದ ಮಾತನ್ನು ಮೀರುವ ಅಧಿಕಾರ ಅವರಿಗೆ ಇರಲಿ. ಆಮೇಲೆ ಆ ಅಧಿಕಾರಿಯ ಹೆಸರು, ಹುದ್ದೆ ಅದೇ ಪರದೆಯ ಮೇಲೆ ಕಾಣಲಿ.

ಕಿರಿಯಳು: ಕನ್ನಡದಲ್ಲಿ ಕಾರಣ ಕೊಡುವುದು ಸುಲಭ. ಗುಂಡಿ ಇಡುವುದೂ ಕಷ್ಟವಿಲ್ಲ. ಹೆಸರು ಹಾಕಲು ಬ್ಯಾಂಕು ಒಪ್ಪುವುದಿಲ್ಲ, ಚಿಕ್ಕಪ್ಪ. ಸಿಬ್ಬಂದಿಯ ಸುರಕ್ಷತೆ, ವರ್ಗಾವಣೆ, ಕೆಲಸದ ಒತ್ತಡ ಅಂತ ಹತ್ತು ಕಾರಣ ಹೇಳುತ್ತಾರೆ.

ಹಿರಿಯರು: ಒತ್ತಡದ ಮಾತು ಸುಳ್ಳಲ್ಲ. ಐದು ಜನ ಮಾಡುವ ಕೆಲಸಕ್ಕೆ ಈಗ ಇಬ್ಬರಿರುತ್ತಾರೆ. ಯಂತ್ರದಿಂದ ಉಳಿದ ವೇಳೆಯನ್ನು ಈ ಮರುಪರಿಶೀಲನೆಗೆ ಕೊಡಬೇಕು ಅಂತಲೂ ಬರೆ, ಇಲ್ಲದಿದ್ದರೆ ಆ ಗುಂಡಿ ತೋರಿಕೆಗೆ ಮಾತ್ರ ಉಳಿಯುತ್ತದೆ. ಹೆಸರಿಗೆ ಒಪ್ಪದಿದ್ದರೆ ಹುದ್ದೆ ಮತ್ತು ಶಾಖೆಯ ಫೋನ್ ಸಂಖ್ಯೆಯಾದರೂ ಇರಲಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗುವ ದಾರಿಯನ್ನೂ ಅಲ್ಲೇ ಕೊಡು.

ಕಿರಿಯಳು: ಗೇಣಿಯವರಿಗೆ ಏನು ಬರೆಯಲಿ? ಅವರ ಪಹಣಿಯೇ ಇಲ್ಲ.

ಹಿರಿಯರು: ಅದು ನಿನ್ನ ತಂತ್ರಾಂಶದಲ್ಲಿ ತೀರುವುದಿಲ್ಲ. ವಿಧಾನಸಭೆಯಲ್ಲಿ ತೀರಬೇಕು. ಆದರೆ ಎಷ್ಟು ಜನ ಆ ಕಾರಣಕ್ಕೆ ವಾಪಸು ಹೋದರು ಅಂತ ಲೆಕ್ಕ ಇಡುವ ಒಂದು ಕಾಲಮ್ಮು ಸೇರಿಸು. ಇವತ್ತಿನವರೆಗೆ ಅವರನ್ನು ಯಾರೂ ಎಣಿಸಿಲ್ಲ.